ಭೂಮಾಪಕರ ಬೆಟ್ಟದ ದಾರಿ: ಹಲಸೂರಿನ ಬಯಲಿನಿಂದ ಬಲ್ಲಾಳರಾಯನ ದುರ್ಗಕ್ಕೆ

ಬೆಂಗಳೂರು ದಂಡಿನ ಪೂರ್ವ ಭಾಗದಲ್ಲಿ, ಹಲಸೂರಿಗೆ ಹೊಂದಿಕೊಂಡಂತೆ, ಮರ್ಫಿ ಟೌನ್ ಎಂಬ ಬಡಾವಣೆಯಿರುವುದು ಶ್ರೋತೃಗಳಲ್ಲಿ ಅನೇಕರಿಗೆ ತಿಳಿದ ಸಂಗತಿಯೇ. ದಂಡಿನ ಪುರಸಭೆಯಲ್ಲಿ ಎಂಜಿನಿಯರಾಗಿದ್ದ ಮರ್ಫಿ ಎಂಬವರ ಹೆಸರು ಅದಕ್ಕೆ ಬಂದಿತು. ಅದಕ್ಕೆ ಮುಂಚೆ ಅಲ್ಲಿಗೆ ನಾಕ್ಸ್‌ಪೇಟೆ ಎಂಬ ಹೆಸರಿದ್ದಿತು. ದುಡಿಯುವ ಜನರ ವಾಸಕ್ಕೆಂದು ಅಚ್ಚುಕಟ್ಟಾಗಿ ಬೀದಿಗಳನ್ನೆಳೆದು ಕಟ್ಟಿದ ಬಡಾವಣೆ ಅದು. ಆದರೆ ಈ ಭಾಷಣದಲ್ಲಿ ನಾನು ಹೇಳಹೊರಟಿರುವುದು ಮರ್ಫಿ ಟೌನೂ ಇರದಿದ್ದ, ದಂಡೂ ಇರದಿದ್ದ ಕಾಲದ ಮಾತು. ಇಂಗ್ಲಿಷರ ಸೈನ್ಯವು ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದ್ದು 1809ರಲ್ಲಿ. ಅದಕ್ಕೂ ಒಂಬತ್ತು ವರ್ಷ ಹಿಂದೆ, ಹಲಸೂರಿನ ಮೂಡಲಿಗೆ ಕೆರೆ, ಹೊಲ, ತೋಪುಗಳೇ ಹರಡಿಕೊಂಡಿದ್ದಾಗ, ಆ ಬಯಲಿನಲ್ಲಿ ಒಂದು ವಿಚಿತ್ರವಾದ ನಡಿಗೆ ಆರಂಭವಾಯಿತು.

1800ನೆಯ ಇಸವಿ ಅಕ್ಟೋಬರ್ 14ರಂದು ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ತೆಂಕಲಲ್ಲಿ ಅಗರದ ಬಳಿಗೂ ಬಡಗಲಲ್ಲಿ ಬಾಣಸವಾಡಿಯ ಬಳಿಗೂ ನಡುವೆ ಒಂದು ಸರಳರೇಖೆಯನ್ನು ಅಳೆಯತೊಡಗಿದನು. ಇಂದು ಇಂದಿರಾನಗರವೆಂದು ಕರೆಯುವ ನೆಲದ ಆಸುಪಾಸಿನಲ್ಲಿ, ಮರ್ಫಿ ಟೌನಿಗೆ ಬಹು ದೂರವಲ್ಲದೆ, ಆ ರೇಖೆ ಸಾಗಿತು. ಉಕ್ಕಿನ ಸರಪಳಿ ನೂರು ಅಡಿ ಉದ್ದದ್ದು, ನಲವತ್ತು ಕೊಂಡಿಗಳುಳ್ಳದ್ದು. ಮೆಕಾರ್ಟ್ನಿ ಪ್ರಭುವಿನ ರಾಯಭಾರದೊಡನೆ ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವೆನ್ನಿಸಿಕೊಂಡು, ಕಲ್ಕತ್ತೆಯಲ್ಲಿ ಮಾರಾಟಕ್ಕೆ ಬಂದ ಸರಪಳಿ ಅದು! ಅದನ್ನು ನೆಲದ ಮೇಲೆ ಎಳೆದಾಡುವಂತಿರಲಿಲ್ಲ. ಮರದ ತೊಟ್ಟಿಗಳನ್ನು ಮುಕ್ಕಾಲಿಗಳ ಮೇಲೆ ಸಮಮಟ್ಟಕ್ಕೆ ನಿಲ್ಲಿಸಿ, ಅವುಗಳೊಳಗೆ ಸರಪಳಿಯನ್ನು ಹಾಸಿ, ಬಿಸಿಲು ತಾಕದಂತೆ ಮರೆಮಾಡಿ, ಉಷ್ಣಮಾಪಕವನ್ನು ನೋಡಿ, ಲೋಹವು ಕಾವಿನಿಂದ ಎಷ್ಟು ಹಿಗ್ಗಿತೆಂಬುದನ್ನು ಲೆಕ್ಕಹಾಕಿಕೊಳ್ಳಬೇಕಾಗಿತ್ತು. ಡಿಸೆಂಬರ್ 10ಕ್ಕೆ ಕೆಲಸ ಮುಗಿದಾಗ ರೇಖೆಯ ಉದ್ದ 7.4321 ಮೈಲಿ ಎಂದು ತೇಲಿತು. ಕಾಲ್ನಡಿಗೆಯವನು ಒಂದು ಮುಂಜಾನೆಯಲ್ಲಿ ಸಲೀಸಾಗಿ ಮುಗಿಸುವ ದಾರಿಗೆ ಐವತ್ತಕ್ಕೂ ಮಿಕ್ಕ ದಿನಗಳು. ದಿನಕ್ಕೆ ಸರಾಸರಿ ಏಳು ಸರಪಳಿ.

ಈ ಲ್ಯಾಂಬ್ಟನ್ ಸಾಮಾನ್ಯನಲ್ಲ. 1799ರ ಏಪ್ರಿಲಿನಲ್ಲಿ, ಶ್ರೀರಂಗಪಟ್ಟಣದ ಮುತ್ತಿಗೆಯ ಕಾಲದ ಒಂದು ರಾತ್ರಿ, ಬೇರ್ಡ್ ಸೇನಾಪತಿಯ ಪಡೆಯು ಕತ್ತಲಲ್ಲಿ ದಿಕ್ಕು ತಪ್ಪಿ ಶತ್ರುವಿನ ಕಡೆಗೇ ನಡೆಯುತ್ತಿದ್ದಾಗ, ನಕ್ಷತ್ರಗಳನ್ನು ನೋಡಿ ನಾವು ಬಡಗಲಿಗಲ್ಲ, ತೆಂಕಲಿಗೆ ಹೋಗುತ್ತಿದ್ದೇವೆಂದು ಎಚ್ಚರಿಸಿದವನು ಇವನೇ. ಟಿಪ್ಪುವಿನ ಪತನವಾದ ಮೇಲೆ, ಪರ್ಯಾಯದ್ವೀಪವನ್ನು ಸಮುದ್ರದಿಂದ ಸಮುದ್ರಕ್ಕೆ ತ್ರಿಕೋಣಗಳಿಂದ ಹೆಣೆದು ಅಳೆಯಬೇಕೆಂಬ ಯೋಜನೆಯನ್ನು ಸರಕಾರದ ಮುಂದಿಟ್ಟನು. ಭೂಮಿಯು ಎಷ್ಟು ಗುಂಡಾಗಿದೆಯೆಂಬುದೂ ಅವನಿಗೆ ತಿಳಿಯಬೇಕಾಗಿತ್ತು.

ಬಯಲಿನಲ್ಲಿ ಅಳೆದ ರೇಖೆಗೆ ಬೆಟ್ಟವೇಕೆ ಬೇಕಾಯಿತು? ತ್ರಿಕೋಣದ ಒಂದು ಭುಜವೂ ಎರಡು ಕೋನಗಳೂ ತಿಳಿದರೆ ಉಳಿದೆರಡು ಭುಜಗಳನ್ನು ಲೆಕ್ಕದಿಂದಲೇ ಹೇಳಬಹುದೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಹಾಗೆ ದೊರೆತ ಭುಜದ ಮೇಲೆ ಇನ್ನೊಂದು ತ್ರಿಕೋಣ, ಅದರ ಮೇಲೆ ಮತ್ತೊಂದು. ಆದರೆ ಕೋನವನ್ನು ಅಳೆಯಬೇಕಾದರೆ ಒಂದು ಮೂಲೆಯಿಂದ ಉಳಿದ ಎರಡು ಮೂಲೆಗಳೂ ಕಣ್ಣಿಗೆ ಕಾಣಲೇಬೇಕು. ಮೂವತ್ತು ನಲವತ್ತು ಮೈಲಿಗಳಾಚೆಯ ಬಾವುಟವು ಮರಗಳ ಮೇಲಿಂದ, ಭೂಮಿಯ ಬಾಗನ್ನೂ ಮೀರಿ ಕಾಣಬೇಕಾದರೆ ಶಿಖರಗಳೇ ಗತಿ. ಹೀಗೆ ಲೆಕ್ಕವು ಸರಪಳಿಯಿಂದ ಸಾವನದುರ್ಗಕ್ಕೂ, ಅಲ್ಲಿಂದ ಪಡುವಲಿಗೆ ಮಲೆನಾಡಿನ ಬಲ್ಲಾಳರಾಯನ ದುರ್ಗ, ಕೊಡಗಿನ ತಡಿಯಂಡಮೋಳ್, ಕರಾವಳಿಯ ಏಳಿಮಲೆಗಳಿಗೂ ಹತ್ತಿತು.

ಹತ್ತಿದ್ದು ಲೆಕ್ಕವಷ್ಟೇ ಅಲ್ಲ. ಅದರೊಡನೆ ಒಂದು ಯಂತ್ರವೂ ಹತ್ತಬೇಕಾಯಿತು. ಲಂಡನ್ನಿನ ಕೇರಿ ಎಂಬ ಕುಶಲಿಯು ಮಾಡಿದ, ಮೂರು ಅಡಿ ವ್ಯಾಸದ ಚಕ್ರವುಳ್ಳ ಥಿಯೊಡೊಲೈಟು ಎಂಬ ಈ ಕೋನಮಾಪಕದ ತೂಕ ಸುಮಾರು ಅರ್ಧ ಟನ್ನು. ಸಮುದ್ರದಲ್ಲಿ ಫ್ರೆಂಚರ ಕೈಗೆ ಸಿಕ್ಕಿ, ಮಾರಿಷಸ್ ದ್ವೀಪಕ್ಕೆ ಹೋಗಿ, ವಿಜ್ಞಾನದ ಸಾಧನವೆಂಬ ಗೌರವದಿಂದ ಹಿಂದಿರುಗಿ, 1802ರಲ್ಲಿ ಮದರಾಸನ್ನು ಮುಟ್ಟಿದ್ದು ಅದು. ಬಯಲು ದಾರಿ ಮುಗಿದು ಕಡಿದಾದ ಕಾಲುದಾರಿ ಮೊದಲಾದ ಮೇಲೆ ಅಂಥ ಭಾರಕ್ಕೆ ಮನುಷ್ಯರ ಹೆಗಲಲ್ಲದೆ ಬೇರೆ ವಾಹನವಿಲ್ಲ. ಹೆಗಲು ಕೊಟ್ಟವನು ಜಾರುವಂತೆಯೂ ಇಲ್ಲ, ಭಾರವನ್ನು ಧೊಪ್ಪನೆ ಇಳಿಸುವಂತೆಯೂ ಇಲ್ಲ. ಚಕ್ರದ ಅಂಚು ಕೂದಲೆಳೆಯಷ್ಟು ಸೊಟ್ಟಗಾದರೂ ತಿಂಗಳುಗಳ ದುಡಿಮೆ ಮಣ್ಣುಪಾಲು.

ಬಲ್ಲಾಳರಾಯನ ದುರ್ಗವನ್ನು ಬರಿಗೈಯಲ್ಲಿ ಹತ್ತಿದವರಿಗೆ ಈ ಮಾತಿನ ಅರ್ಥ ಚೆನ್ನಾಗಿ ಆದೀತು. ಮೂಡಿಗೆರೆ ಸೀಮೆಯ ಸುಂಕಸಾಲೆಯ ಕಡೆಯಿಂದ ಏರು ಚಿಕ್ಕದು, ಆದರೆ ಕಡಿದು. ಬೆಳ್ತಂಗಡಿಯ ಕಡೆಯಿಂದ ಹತ್ತುವವರಿಗೆ ಅದು ಇಡೀ ದಿನದ ಶಿಕ್ಷೆ: ಸಮುದ್ರಮಟ್ಟಕ್ಕೆ ಕೆಲವೇ ನೂರು ಅಡಿ ಮೇಲಿರುವ ತೋಟಗಳಿಂದ ಹೊರಟು, ಐದು ಸಾವಿರ ಅಡಿಯ ಹತ್ತಿರದ ಕೋಟೆಯವರೆಗೆ ಒಂದೇ ಹಗಲಿನಲ್ಲಿ ನಾಲ್ಕು ಸಾವಿರ ಅಡಿಗೂ ಹೆಚ್ಚು ಏರಬೇಕು. ಅಡಿಕೆ ತೋಟವನ್ನು ದಾಟಿದೊಡನೆ ಕಾಡು ಮುಚ್ಚಿಕೊಳ್ಳುತ್ತದೆ. ಗಾಳಿಯಾಡದು, ಬೆವರು ಆರದು. ಮಳೆಗಾಲ ಕಳೆದು ಬಹುದಿನವಾಗುವವರೆಗೂ ಇಂಬಳಗಳ ಕಾಟ. ಕಾಲಿಗೆ ಸುಣ್ಣವನ್ನೋ ಹೊಗೆಸೊಪ್ಪನ್ನೋ ಬಳಿದುಕೊಳ್ಳುವುದು ಮಲೆನಾಡಿನವರ ಹಳೆಯ ಉಪಾಯ. ದಾರಿಯು ಬಳಸಿಕೊಂಡು ಹೋಗುವುದನ್ನು ಅರಿಯದು, ನೆಟ್ಟಗೆ ಮೇಲಕ್ಕೇ ಹೋಗುತ್ತದೆ. ಮೂರು ನಾಲ್ಕು ಗಂಟೆಗಳ ತರುವಾಯ ಮರಗಳು ತಟ್ಟನೆ ನಿಂತು, ಎದೆಯೆತ್ತರದ ಹುಲ್ಲಿನ ಬೋಳುಗುಡ್ಡಗಳು ಎದುರಾಗುತ್ತವೆ. ಇದು ತಲಪಿದಂತಾಯಿತೆಂದು ಹೊಸಬರು ಸಂತೋಷಪಡುವ ಸ್ಥಳ. ನಿಜವಾದ ಕಷ್ಟ ಇಲ್ಲಿಂದಲೇ ಮೊದಲು. ಕಾಡಿನಲ್ಲಿ ನೆರಳಾದರೂ ಇದ್ದಿತು. ಇಲ್ಲಿ ಬಿಸಿಲು ನೆತ್ತಿಯ ಮೇಲೆ, ಜಾರುವ ಹುಲ್ಲು ಅಡಿಯಲ್ಲಿ. ಒಂದು ದಿಣ್ಣೆಯನ್ನು ಹತ್ತಿದರೆ ಅದರ ಹಿಂದೆ ಅಡಗಿದ್ದ ಇನ್ನೊಂದು ದಿಣ್ಣೆ ತಲೆಯೆತ್ತುತ್ತದೆ. ತುಳುವರು ಬಂಡಾಜೆ ಅರ್ಬಿಯೆಂದು ಕರೆಯುವ ಜಲಪಾತದ ನೆತ್ತಿಯಲ್ಲಿ ನೀರುಂಟು. ಅಲ್ಲಿ ತುಂಬಿಕೊಳ್ಳದವನು ಕೋಟೆಯವರೆಗೆ ಒಣಗಂಟಲಿನಲ್ಲೇ ಹೋಗಬೇಕಾದೀತು.

ಮಧ್ಯಾಹ್ನ ಕಳೆದು, ಹೊಯ್ಸಳ ಬಲ್ಲಾಳರ ಹೆಸರನ್ನು ಹೊತ್ತ ಆ ಮುರಿದ ಕೋಟೆಗೋಡೆಯನ್ನು ಮುಟ್ಟಿದಾಗ ಭೂಮಾಪಕನು ಅದನ್ನೇಕೆ ಆರಿಸಿಕೊಂಡನೆಂಬುದು ಕಣ್ಣಿಗೇ ಗೋಚರವಾಗುತ್ತದೆ. ಬಡಗಲಿಗೆ ಕುದುರೆಮುಖ, ತೆಂಕಲಿಗೆ ಚಾರ್ಮಾಡಿಯ ಆಚೆಯ ಶಿಖರಗಳು, ಮೂಡಲಿಗೆ ಮೈಸೂರಿನ ಮಲೆಗಳು. ಪಡುವಲಿಗೆ ನೆಲವು ಒಮ್ಮೆಗೇ ಕುಸಿದು ಕರಾವಳಿಯವರೆಗೆ ಹರಡಿಕೊಂಡಿದೆ. ಆದರೆ ನೋಟ ಯಾವಾಗಲೂ ದೊರೆಯುವುದಿಲ್ಲ. ಮಳೆಗಾಲದಲ್ಲಿ ಮೋಡವು ಕೋಟೆಯನ್ನೇ ನುಂಗಿರುತ್ತದೆ. ಬೇಸಿಗೆಯಲ್ಲಿ ಹುಲ್ಲಿಗೆ ಹತ್ತಿದ ಬೆಂಕಿಯ ಹೊಗೆಯೂ ಧೂಳೂ ದಿಗಂತವನ್ನು ಮುಚ್ಚುತ್ತವೆ. ಈಗಿನ ಚಾರಣಿಗನು ದೃಶ್ಯವಿಲ್ಲದಿದ್ದರೆ ಗೊಣಗಿಕೊಂಡು ಇಳಿದುಬಿಡುತ್ತಾನೆ. ಬಾವುಟವನ್ನು ಹಿಡಿದು ಮುಂದಿನ ಬೆಟ್ಟಕ್ಕೆ ಹೋಗಿರುವ ಆಳು ಇಳಿಯುವಂತಿರಲಿಲ್ಲ. ದೂರದ ಇನ್ನೊಂದು ಶಿಖರದಲ್ಲಿ ದೂರದರ್ಶಕಕ್ಕೆ ಕಣ್ಣಿಟ್ಟವನಿಗೆ ತನ್ನ ಬಾವುಟ ಕಾಣುವವರೆಗೆ, ಚಳಿಯೋ ಗಾಳಿಯೋ, ಅಲ್ಲಿಯೇ ಇರತಕ್ಕದ್ದು. ಕಂಡಿತೋ ಇಲ್ಲವೋ ಎಂಬುದು ಅವನಿಗೆ ತಿಳಿಯುವುದಾದರೂ ಹೇಗೆ? ನನ್ನ ಮಟ್ಟಿಗೆ, ಬೆಟ್ಟದ ಕೆಲಸದಲ್ಲಿ ಏರುವುದಕ್ಕಿಂತ ಈ ಕಾಯುವುದೇ ಹೆಚ್ಚು ಕಠಿಣವೆನ್ನಿಸುತ್ತದೆ.

ಈ ಶ್ರಮದ ಫಲವೇನು? 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ಲ್ಯಾಂಬ್ಟನ್ನನ ಸಹಾಯಕನಾದ ವಾರನ್ ಅಳೆದನು. ಅದರ ಉದ್ದ ಏಳೂವರೆ ಮೈಲಿ. ಮದರಾಸಿನ ಬಳಿ 1802ರಲ್ಲಿ ಅಳೆದ ರೇಖೆಯಿಂದ ಬೆಟ್ಟ ಬೆಟ್ಟಗಳ ಮೇಲೆ ತ್ರಿಕೋಣಗಳನ್ನು ಸಾಗಿಸಿ ಮೊದಲೇ ಲೆಕ್ಕಹಾಕಿದ್ದ ಉದ್ದಕ್ಕೂ, ಈಗ ಸರಪಳಿಯಿಂದ ಅಳೆದ ಉದ್ದಕ್ಕೂ ಇದ್ದ ಅಂತರ 3.7 ಅಂಗುಲ ಮಾತ್ರ! ಬಳಿಕ ತ್ರಿಕೋಣಗಳು ಮಂಗಳೂರಿನ ಕಡಲನ್ನು ಮುಟ್ಟಿದಾಗ ಇನ್ನೊಂದು ಸಂಗತಿ ಹೊರಬಿದ್ದಿತು. ಅದುವರೆಗಿನ ಭೂಪಟಗಳಲ್ಲಿ ಈ ಎರಡು ಕರಾವಳಿಗಳ ನಡುವೆ 400 ಮೈಲಿ ಅಗಲವಿದ್ದಿತು. ನಿಜವಾದ ಅಗಲ 360. ಬೆಂಗಳೂರಿನಲ್ಲಿ ಅಂಗುಲಗಳನ್ನು ಎಣಿಸಿದವರು ನಲವತ್ತು ಮೈಲಿ ಭೂಮಿಯನ್ನೇ ಭೂಪಟದಿಂದ ಅಳಿಸಿಹಾಕಿದರು.

ಇಷ್ಟನ್ನು ಇತಿಹಾಸವು ಚೆನ್ನಾಗಿಯೇ ಬರೆದಿಟ್ಟಿದೆ. ಬಂಗಾಳದ ಏಷಿಯಾಟಿಕ್ ಸೊಸೈಟಿಯ ಸಂಪುಟಗಳಲ್ಲಿ ಅಚ್ಚಾದ ಲ್ಯಾಂಬ್ಟನ್ನನ ವರದಿಗಳಲ್ಲಿ ಬೆಟ್ಟಗಳ ಹೆಸರುಗಳುಂಟು. ಬಲ್ಲಾಳರಾಯನ ದುರ್ಗವು ಇಂಗ್ಲಿಷ್ ನಾಲಗೆಯಲ್ಲಿ ಹೊರಳಿ ಬಾಲ್ರಾಯನ್ ಡ್ರೂಗ್ ಆಗಿದೆ. ಕೋನಗಳುಂಟು, ಎತ್ತರಗಳುಂಟು. ಸಹಾಯಕನಾಗಿದ್ದ ಹೆನ್ರಿ ಕೇಟರನು ಈ ದೇಶದ ದುಡಿಮೆಯಲ್ಲಿ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಹಿಂದಿರುಗಿದನೆಂಬುದೂ, ಅಲ್ಲಿ ಲೋಲಕದ ಪ್ರಯೋಗಗಳಿಂದ ಪ್ರಸಿದ್ಧನಾದನೆಂಬುದೂ ನಮಗೆ ಗೊತ್ತು. ಮದರಾಸಿನಲ್ಲಿ ಹುಡುಗನಾಗಿದ್ದಾಗಲೇ ಭೂಮಾಪನವನ್ನು ಕಲಿತು ಬಂದ ಜೋಷುವ ಡಿ ಪೆನ್ನಿಂಗನ ಹೆಸರೂ ಉಳಿದಿದೆ. ಯಂತ್ರವನ್ನು ಹೆಗಲ ಮೇಲೆ ದುರ್ಗಕ್ಕೆ ಏರಿಸಿದವನ ಹೆಸರಾಗಲಿ, ಅವನಿಗೆ ಬಂದ ಜ್ವರದ ಮಾತಾಗಲಿ ಆ ಪುಟಗಳಲ್ಲಿಲ್ಲ. ಅವನು ಸಾಹೇಬರಂತೆ ಹಡಗು ಹತ್ತಿ ಬೇರೆ ಹವೆಗೆ ಹೋಗುವಂತಿರಲಿಲ್ಲ. 3.7 ಅಂಗುಲವೆಂಬ ಹೆಮ್ಮೆಯ ಅಂಕಿಯಲ್ಲಿ ಲ್ಯಾಂಬ್ಟನ್ನನ ಗಣಿತಕ್ಕೆ ಪಾಲಿರುವಂತೆ, ಕಾಲು ಜಾರದ ಆ ಹೊರೆಯಾಳಿಗೂ, ಬಾವುಟವನ್ನು ಬಿಟ್ಟು ಕದಲದ ಆ ಕಾವಲಿನವನಿಗೂ ಪಾಲುಂಟೆಂದು ನಾನು ತಿಳಿದಿದ್ದೇನೆ. ಇದು ಕೇವಲ ಕರುಣೆಯ ಮಾತಲ್ಲ, ಲೆಕ್ಕದ ಮಾತು. ಯಂತ್ರವು ಒಂದೇ ಒಂದು ಏರಿನಲ್ಲಿ ಉರುಳಿದ್ದರೂ, ಬಾವುಟವು ನಾಲ್ಕು ಗಜ ಪಕ್ಕಕ್ಕೆ ಸರಿದಿದ್ದರೂ ಆ ಅಂಕಿಯು ಹುಟ್ಟುತ್ತಲೇ ಇರಲಿಲ್ಲ.

ಇಲ್ಲೊಂದು ಸ್ವಾರಸ್ಯವುಂಟು. ಈ ಮಾಪನವೇ ಮುಂದೆ ಹಿಮಾಲಯದವರೆಗೆ ಬೆಳೆಯಿತು. ಜಗತ್ತಿನ ಅತ್ಯುನ್ನತ ಶಿಖರದ ಎತ್ತರ 29,002 ಅಡಿಯೆಂದು 1856ರಲ್ಲಿ ಪ್ರಕಟವಾದಾಗ ಅದರ ಮೇಲೆ ಯಾರೂ ಕಾಲಿಟ್ಟಿರಲಿಲ್ಲ. ನೂರು ಮೈಲಿಗೂ ಹೆಚ್ಚು ದೂರದಿಂದ ನೋಡಿಯೇ ಅಳೆದರು. ನಮ್ಮ ಸಹ್ಯಾದ್ರಿಯ ಐದು ಸಾವಿರ ಅಡಿಯ ಬೆಟ್ಟಗಳನ್ನಾದರೋ ಅರ್ಧ ಟನ್ನಿನ ಹೊರೆಯೊಡನೆ ಹತ್ತಲೇಬೇಕಾಯಿತು.

ಲ್ಯಾಂಬ್ಟನ್ನನು ಮಾತ್ರ ಹಿಮಾಲಯವನ್ನು ಕಾಣಲಿಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಡೇರೆಯಲ್ಲಿಯೇ ಬಾಳಿ, ಬಡಗಲ ಕಡೆಗೆ ಸಾಗುತ್ತಿದ್ದಾಗ 1823ರ ಜನವರಿಯಲ್ಲಿ ಹಿಂಗನ್‌ಘಾಟಿನಲ್ಲಿ ತೀರಿಕೊಂಡನು. ಕೆಲಸವು ಜಾರ್ಜ್ ಎವರೆಸ್ಟನ ಕೈಗೆ ಬಂದಿತು. ಯಂತ್ರದ ಪೆಟ್ಟಿಗೆಗಳು ಹೊಸ ಹೆಗಲುಗಳ ಮೇಲೆ ಬಡಗಲಿಗೆ ನಡೆದವು.