ನೋಯದ ಜಾಗವನ್ನು ಹಲ್ಲಿನ ಡಾಕ್ಟರ್ ಯಾಕೆ ನೋಡುತ್ತಾರೆ?

ಕೆರೂರ ಬಸ್ ನಿಲ್ದಾಣದಲ್ಲಿ ಬಾಗಲಕೋಟೆ ಬಸ್ಸಿಗೆ ಕಾಯುವವರಲ್ಲಿ ಹಲ್ಲಿನ ದವಾಖಾನೆಗೆ ಹೊರಟವರನ್ನು ಗುರುತಿಸುವುದು ಸುಲಭ. ಗಲ್ಲ ಊದಿರುತ್ತದೆ, ಟವೆಲ್ಲು ದವಡೆಗೆ ಒತ್ತಿಕೊಂಡಿರುತ್ತಾರೆ. ನಮ್ಮ ಕಡೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು ಎಂದರೆ ಕೀಳಿಸಿಕೊಂಡು ಬರುವುದು ಎಂದೇ ಅರ್ಥ.

ಕಳೆದ ವರ್ಷ ನಮ್ಮ ಕಾಕಾನನ್ನು ಕರೆದುಕೊಂಡು ನಾವೂ ಹೋಗಿದ್ದೆವು. ಕೆಳಗಿನ ಬಲ ದವಡೆಯ ಹಲ್ಲು ಎಂಟು ದಿನದಿಂದ ನಿದ್ದೆ ಕೆಡಿಸಿತ್ತು. ಅಲ್ಲಿನ ಯುವ ಡಾಕ್ಟರ್ ಆ ಹಲ್ಲಿನ ತಂಟೆಗೇ ಹೋಗಲಿಲ್ಲ. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಗುಳಿಗೆ, ರಕ್ತ ತೆಳುವಾಗುವ ಗುಳಿಗೆ ತಗೋತೀರಾ ಎಂದು ಕೇಳಿದರು. ದವಡೆಯ ಕೆಳಗೆ, ಕುತ್ತಿಗೆಯ ಪಕ್ಕ ಬೆರಳಾಡಿಸಿ ಗಂಟು ಹುಡುಕಿದರು. ಕಿವಿಯ ಮುಂದೆ ಕೈಯಿಟ್ಟು ಬಾಯಿ ತೆರೆದು ಮುಚ್ಚಲು ಹೇಳಿದರು. ಕೊನೆಗೆ ಗಾಜ್ ಬಟ್ಟೆಯಲ್ಲಿ ನಾಲಿಗೆಯ ತುದಿ ಹಿಡಿದು ಆಚೆ ಈಚೆ ಜಗ್ಗಿದರು. ಕಾಕಾನಿಗೆ ಸಿಟ್ಟು ಬಂತು. “ನೋಯಾಕತ್ತಿದ್ದು ಹಲ್ಲು, ನಾಲಿಗಿ ಯಾಕ ಜಗ್ತೀರಿ?”

ಪ್ರಶ್ನೆ ಸರಿಯಾಗಿಯೇ ಇತ್ತು. ಅದರ ಉತ್ತರ ಹುಡುಕುತ್ತ ಹೋದಾಗ ನಮಗೆ ಸಿಕ್ಕಿದ್ದು ಒಂದು ದೊಡ್ಡ ಇತಿಹಾಸ.

ಇಡೀ ಬಾಯಿ ನೋಡುವುದು ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲಿ ಬಾಯಿಯ ರೋಗಗಳು 65, ಅವು ಬರುವ ಜಾಗಗಳು ಏಳು: ತುಟಿ, ಒಸಡು, ಹಲ್ಲು, ನಾಲಿಗೆ, ಅಂಗಳ, ಗಂಟಲು ಮತ್ತು ಇಡೀ ಬಾಯಿ. ಹಲ್ಲು ಏಳರಲ್ಲಿ ಒಂದು ಮಾತ್ರ. ಆದರೆ ನಮ್ಮ ಊರುಗಳಿಗೆ ಆ ಪುಸ್ತಕ ಬರಲಿಲ್ಲ. ಬಂದದ್ದು ಬೇವಿನ ಕಡ್ಡಿ, ಜಾಲಿ ಕಡ್ಡಿ, ಇದ್ದಿಲು, ಉಪ್ಪು, ಲವಂಗ. ಅದೂ ಆಗದಿದ್ದರೆ ಸಂತೆಯಲ್ಲಿ ಬಟ್ಟೆ ಹಾಸಿ ಕೂತು ಹಲ್ಲು ಕೀಳುವವನು. ಅವನಿಗೆ ತೋರಿಸಿದ ಹಲ್ಲಷ್ಟೇ ಕಾಣುತ್ತಿತ್ತು, ಪಕ್ಕದ್ದು ಅವನ ಕೆಲಸವಲ್ಲ.

ಡಾ. ಆರ್. ಅಹ್ಮದ್ ಕಲ್ಕತ್ತಾದಲ್ಲಿ ದೇಶದ ಮೊದಲ ದಂತ ಕಾಲೇಜು ತೆರೆದದ್ದು 1920ರಲ್ಲಿ. ದಂತವೈದ್ಯರ ಕಾಯ್ದೆ ಬಂದದ್ದು 1948ರಲ್ಲಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದ್ದು. ಬಾಗಲಕೋಟೆಯಲ್ಲಿ ಬಿ.ವಿ.ವಿ. ಸಂಘದ ಪಿ.ಎಂ. ನಾಡಗೌಡ ಸ್ಮಾರಕ ದಂತ ಕಾಲೇಜು ಬಂದ ಮೇಲೆ ನಮ್ಮ ಕಡೆಯವರಿಗೆ ಇದು ಒಂದು ಬಸ್ಸಿನ ದಾರಿ ಆಯಿತು.

ಈಗ ಕಾಕಾನ ನಾಲಿಗೆಗೆ ಬರೋಣ. 1960ರ ದಶಕದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಡಾ. ಫಲಿ ಮೆಹ್ತಾ ಮತ್ತು ಡೆನ್ಮಾರ್ಕಿನ ಪ್ರೊ. ಪಿಂಡ್‌ಬೋರ್ಗ್ ಅವರ ತಂಡ ಹಳ್ಳಿಗಳಿಗೆ ಹೋಗಿ ಜನರ ಬಾಯಿ ನೋಡಿತು. ಕೇರಳ, ಆಂಧ್ರ, ಗುಜರಾತ್, ಬಿಹಾರ ಈ ನಾಲ್ಕು ರಾಜ್ಯಗಳ ಐದು ಜಿಲ್ಲೆಗಳಲ್ಲಿ 50,915 ಮಂದಿಯನ್ನು ನೋಡಿದರು. ಅವರೆಲ್ಲ ದವಾಖಾನೆಗೆ ಬಂದ ರೋಗಿಗಳಲ್ಲ, ಹಳ್ಳಿಯ ಸಾಮಾನ್ಯ ಜನ. 1969ರಲ್ಲಿ ವರದಿ ಪ್ರಕಟವಾಯಿತು. ಬಾಯಿಯ ಕ್ಯಾನ್ಸರ್ ಮತ್ತು ಅದಕ್ಕೆ ಮೊದಲು ಕಾಣುವ ಬಿಳಿ ಮಚ್ಚೆ ಹೆಚ್ಚುಕಡಿಮೆ ಪೂರ್ತಿಯಾಗಿ ತಂಬಾಕು ಜಗಿಯುವ, ಸೇದುವ ಜನರಲ್ಲೇ ಕಂಡಿದ್ದವು.

ಆ ಬಿಳಿ ಮಚ್ಚೆ ಸಾಮಾನ್ಯವಾಗಿ ನೋಯುವುದಿಲ್ಲ. ಒರೆಸಿದರೆ ಹೋಗುವುದೂ ಇಲ್ಲ. ತಂಬಾಕು, ಸುಣ್ಣ ತಿಕ್ಕಿ ಇಡುವ ಗಲ್ಲದ ಒಳಬದಿ, ಕೆಳಗಿನ ಒಸಡು, ನಾಲಿಗೆಯ ಅಂಚು ಮತ್ತು ನಾಲಿಗೆಯ ಅಡಿ, ಹೀಗೆ ನಾವು ಕನ್ನಡಿಯಲ್ಲಿ ಎಂದೂ ನೋಡಿಕೊಳ್ಳದ ಜಾಗಗಳಲ್ಲೇ ಅದು ಕೂತಿರುತ್ತದೆ. ಡಾಕ್ಟರ್ ನಾಲಿಗೆ ಜಗ್ಗುವುದು ಅದಕ್ಕೇ.

ನೋಡಿದ್ದರಿಂದ ಏನು ಲಾಭ ಎನ್ನುವವರಿಗೆ ತಿರುವನಂತಪುರ ಜಿಲ್ಲೆಯ ಉದಾಹರಣೆ ಇದೆ. ಅಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಹಳ್ಳಿಗಳಲ್ಲಿ ಜನರ ಬಾಯಿ ತೆರೆಸಿ ಬರಿಗಣ್ಣಲ್ಲಿ ನೋಡಿದರು. ದೊಡ್ಡ ಮಷೀನ್ ಏನೂ ಇರಲಿಲ್ಲ. ಅದರ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲೊಂದು ಪಾಲು ಕಡಿಮೆಯಾಗಿತ್ತು. ಈಗ 30 ವರ್ಷ ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದೇ ತಪಾಸಣೆ ಮಾಡಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮ ಇದೆ. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ.

ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯುವುದೂ ನಮ್ಮ ದೇಶದ ಕಥೆಯೇ. 1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯ ಪೂರ್ವ ಆಫ್ರಿಕಾದಲ್ಲಿದ್ದ ಐವರು ಭಾರತೀಯ ಹೆಂಗಸರ ಬಾಯಿ ಬಿಗಿದುಕೊಂಡಿದ್ದನ್ನು ದಾಖಲಿಸಿದರು. ಮುಂದೆ ಅಡಿಕೆಯೇ ಇದರ ಮುಖ್ಯ ಕಾರಣ ಎಂದು ಗೊತ್ತಾಯಿತು. ಗಮನಿಸಿ, ತಂಬಾಕು ಬೇಕೇ ಬೇಕು ಅಂತಿಲ್ಲ. “ನಾ ಬರೀ ಅಡಿಕಿ ತಿಂತೇನ್ರಿ” ಎನ್ನುವವರಿಗೂ ಇದು ಬರುತ್ತದೆ. ನಿಮ್ಮ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಹೋಗುತ್ತವೆಯೇ ನೋಡಿಕೊಳ್ಳಿ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಬಂತು, ಅಂಗೈಯಲ್ಲಿ ಎರಡೂ ಕೂಡಿದವು. ಅಂಗಡಿ ಮುಂದೆ ನಿಂತವರಿಗೆ ಇದನ್ನು ನಾವು ಹೇಳಬೇಕಿಲ್ಲ.

ಇನ್ನೊಂದು ನಮ್ಮ ಜಿಲ್ಲೆಯ ವಿಷಯ, ಕಲೆ. ಅಮೆರಿಕದ ಕೊಲರಾಡೋದಲ್ಲಿ 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಹೊಸ ದಂತವೈದ್ಯ ಊರಿನವರ ಹಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದು ಕಂಡು ಬೆರಗಾದ. ಕಾರಣ ತಿಳಿಯಲು 30 ವರ್ಷ ಹಿಡಿಯಿತು. 1931ರಲ್ಲಿ ಕುಡಿಯುವ ನೀರಿನ ಫ್ಲೋರೈಡ್ ಎಂದು ಪತ್ತೆಯಾಯಿತು. ಭಾರತದಲ್ಲಿ ಇದು 1937ರಲ್ಲಿ ನೆಲ್ಲೂರು ಕಡೆಯಿಂದ ವರದಿಯಾಯಿತು. ನಮ್ಮ ಹುನಗುಂದ, ಇಳಕಲ್, ಬಾದಾಮಿ ಸೀಮೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲೂ ಅದೇ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ ಎನ್ನುತ್ತದೆ ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ತಂಬಾಕಿನ ಕಲೆ ಹಲ್ಲಿನ ಮೇಲಿರುತ್ತದೆ, ಕೆರೆದರೆ ಬರುತ್ತದೆ. ಫ್ಲೋರೈಡಿನದು ಹಲ್ಲಿನೊಳಗೇ ಇರುತ್ತದೆ, ಎಡ ಬಲ ಎರಡೂ ಕಡೆ ಒಂದೇ ತರಹ ಕಾಣುತ್ತದೆ. ಹಲ್ಲು ಒಸಡಿನೊಳಗೆ ತಯಾರಾಗುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ ಕುಡಿದ ನೀರಿನ ಗುರುತು ಅದು. ಎಷ್ಟೋ ಮಕ್ಕಳಿಗೆ ಮಾಸ್ತರರು “ಹಲ್ಲು ತಿಕ್ಕಂಗಿಲ್ಲೇನ?” ಎಂದು ಎಲ್ಲರ ಮುಂದೆ ಕೇಳಿದ್ದನ್ನು ನಾವು ಕಂಡಿದ್ದೇವೆ. ಎಷ್ಟು ತಿಕ್ಕಿದರೂ ಆ ಕಲೆ ಹೋಗುವುದಿಲ್ಲ, ಮಗುವಿನ ತಪ್ಪೂ ಅಲ್ಲ. ಡಾಕ್ಟರ್ ನಿಮ್ಮ ಊರು ಯಾವುದು, ಯಾವ ನೀರು ಎಂದು ಕೇಳಿದರೆ ಅದು ಊರ ಮಾತಲ್ಲ, ತಪಾಸಣೆಯ ಭಾಗ.

ಉಳಿದದ್ದು ಬೇಗ ಹೇಳುತ್ತೇವೆ. ಒಸಡಿನ ಸಂದಿಯಲ್ಲಿ ಇಳಿಸುವ ಸಣ್ಣ ಕಡ್ಡಿಗೆ ಮಿಲಿಮೀಟರ್ ಗೆರೆಗಳಿರುತ್ತವೆ. ಮೂರರವರೆಗೆ ಇಳಿದರೆ ಸರಿ, ಅದಕ್ಕಿಂತ ಆಳ ಇಳಿದರೆ ಒಸಡು ಹಲ್ಲು ಬಿಡುತ್ತಿದೆ ಎಂದರ್ಥ. ಸಕ್ಕರೆ ಕಾಯಿಲೆ ಇದ್ದರೆ ಇದು ಹೆಚ್ಚು, ಒಸಡು ಕೆಟ್ಟರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟ. ಹುಳುಕು ಹಲ್ಲುಗಳ ಸಂದಿಯಲ್ಲಿದ್ದರೆ ಎಕ್ಸರೇ ಬೇಕು. 1896ರಲ್ಲಿ ಜರ್ಮನಿಯ ಓಟೋ ವಾಲ್ಕಾಫ್ ತನ್ನದೇ ಹಲ್ಲಿನ ಮೊದಲ ಎಕ್ಸರೇಗೆ 25 ನಿಮಿಷ ಬಾಯಲ್ಲಿ ಗಾಜಿನ ಪ್ಲೇಟ್ ಇಟ್ಟುಕೊಂಡಿದ್ದ. ಈಗ ಒಂದು ಸೆಕೆಂಡ್ ಕೂಡ ಬೇಡ.

ಕಾಕಾನ ಹಲ್ಲನ್ನು ಅಂದೇ ಕಿತ್ತರು. ಡಾಕ್ಟರ್ ಚೀಟಿಯಲ್ಲಿ ಅದನ್ನು 46 ಎಂದು ಬರೆದಿದ್ದರು. ಬಾಯಲ್ಲಿ ಇರುವುದೇ 32, ಇದೆಲ್ಲಿಂದ ಬಂತು ಎಂದು ಕಾಕಾ ಕೇಳಿದ. ಮೊದಲ ಅಂಕಿ ಬಾಯಿಯ ಯಾವ ಕಾಲು ಭಾಗ ಎಂಬುದು, ಎರಡನೆಯದು ನಡುವಿನಿಂದ ಎಷ್ಟನೆಯ ಹಲ್ಲು ಎಂಬುದು. 46 ಎಂದರೆ ಬಲಗಡೆ ಕೆಳಗೆ ಆರನೆಯದು.

ಅದೇ ಚೀಟಿಯ ಕೆಳಗೆ ಇನ್ನೊಂದು ಸಾಲಿತ್ತು. ಎಡ ಗಲ್ಲದ ಒಳಗೆ, ನಲವತ್ತು ವರ್ಷ ತಂಬಾಕು ಇಟ್ಟ ಜಾಗದಲ್ಲಿ, ಬಿಳಿ ಮಚ್ಚೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ ಎಂದು ಬಂತು, ತಂಬಾಕು ಬಿಟ್ಟು ಮೂರು ತಿಂಗಳಿಗೊಮ್ಮೆ ತೋರಿಸಬೇಕು ಎಂದೂ ಬಂತು. ಎರಡು ಸಲ ಹೋಗಿ ಬಂದಿದ್ದೇವೆ. ಮೂರನೆಯದು ಮುಂದಿನ ವಾರ.