ಕೊಡಗಿನ ಭಂಡಾರವೂ ಇಪ್ಪತ್ತನಾಲ್ವರ ಸಭೆಯೂ

ತಲಕಾವೇರಿಯ ಬೆಟ್ಟಸಾಲಿನ ಮೂಡಣ ಮಗ್ಗುಲಿಗೆ ಬಿದ್ದ ಮಳೆ ಕಾವೇರಿಯಾಗಿ ಪೂರ್ವಸಮುದ್ರದ ದಾರಿ ಹಿಡಿಯುತ್ತದೆ. ಪಡುವಣ ಮಗ್ಗುಲಿಗೆ ಬಿದ್ದದ್ದು ಕೊಡಗಿನ ಅಂಚಿನ ಊರಾದ ಕರಿಕೆಯ ದಟ್ಟಡವಿಯನ್ನು ಹಾಯ್ದು, ಪಾಣತ್ತೂರಿನ ಕಡೆಗೆ ಇಳಿದು, ಚಂದ್ರಗಿರಿಯ ಒಡಲು ಸೇರಿ ಪಶ್ಚಿಮ ಸಮುದ್ರವನ್ನು ಕೂಡುತ್ತದೆ. ಕರಿಕೆಯ ನೀರಿಗೆ ಪಡುವಣವೇ ದಿಕ್ಕು. ಕರಿಕೆಯ ಕಂದಾಯ ಮಾತ್ರ ನೀರಿನ ಹಾದಿ ಹಿಡಿಯಲಿಲ್ಲ. ಅದು ಘಟ್ಟವೇರಿ, ಭಾಗಮಂಡಲವನ್ನು ದಾಟಿ, ಮಡಿಕೇರಿಯ ಕೋಟೆಯ ಕಡೆಗೇ ನಡೆಯಿತು. ಆ ಕೋಟೆಯಲ್ಲಿ ಒಮ್ಮೆ ಹಾಲೇರಿಯ ಅರಸರಿದ್ದರು. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಧ್ವಜವೇರಿತು. ಆಮೇಲೆ ಚೀಫ್ ಕಮಿಷನರರ ಆಳ್ವಿಕೆ ಬಂತು. ಕಟ್ಟಕಡೆಗೆ, ನಾಲ್ಕೂವರೆ ವರ್ಷಗಳ ಅಲ್ಪಾವಧಿಗೆ, ಕೊಡಗಿನ ಪ್ರಜೆಗಳೇ ಆರಿಸಿದ ಇಪ್ಪತ್ತನಾಲ್ಕು ಮಂದಿಯ ಮುಂದೆ ಆ ಕಂದಾಯದ ಲೆಕ್ಕ ಬಂತು. ಯುದ್ಧಗಳ ಕಥೆಯನ್ನು ನಮ್ಮ ಹಿರಿಯರು ಮನೆಮನೆಯಲ್ಲಿ ಹೇಳಿದ್ದಾರೆ. ಈ ಭಂಡಾರದ ಕಥೆಯನ್ನು ಹೇಳಿದವರು ವಿರಳ. ಆದರೆ ಪ್ರಜೆಯ ಹಕ್ಕು ಎಂಬುದು ಕೈಗೆ ಹತ್ತಿತೋ ಕಾಗದದಲ್ಲೇ ಉಳಿಯಿತೋ ಎಂಬುದು ಯಾವ ಕಾಲದಲ್ಲೂ ನಿರ್ಣಯವಾದದ್ದು ಭಂಡಾರದ ಬಾಗಿಲಿನಲ್ಲಿಯೇ.

ಹಾಲೇರಿ ವಂಶದ ಕಾಲದಲ್ಲಿ ಕೊಡಗು ನಾಡುಗಳಾಗಿ, ನಾಡು ಊರುಗಳಾಗಿ ಹಂಚಿಹೋಗಿತ್ತು. ಊರಿಗೆ ಮುಖ್ಯಸ್ಥನಾಗಿ ಊರುತಕ್ಕ, ನಾಡಿಗೆ ನಾಡುತಕ್ಕ, ಅವರ ಮೇಲೆ ದೇಶತಕ್ಕರು. ಊರ ಮಂದ್‌ನಲ್ಲಿ ಕೂಡಿದವರ ಮಾತಿಗೆ ತೂಕವಿತ್ತು. ಅರಮನೆಯ ಕಡೆಯಿಂದ ಪಾರುಪತ್ಯಗಾರ, ಶ್ಯಾನುಭೋಗರು ಬಂದು ಶಿಸ್ತನ್ನು, ಅಂದರೆ ಭೂಕಂದಾಯವನ್ನು, ನಿಗದಿ ಮಾಡುತ್ತಿದ್ದರು. ಲಿಂಗರಾಜೇಂದ್ರನು ಹೊರಡಿಸಿದ ಹುಕುಂನಾಮೆಯಲ್ಲಿ ಆಡಳಿತಗಾರನೊಬ್ಬನ ತೀಕ್ಷ್ಣದೃಷ್ಟಿ ಕಾಣುತ್ತದೆ. ರೈತನ ಮೇಲೆ ಅಧಿಕಾರಿಯು ನಡೆಸಬಹುದಾದ ಅಕ್ರಮಗಳನ್ನು ಊಹಿಸಿ ಮುನ್ನೆಚ್ಚರಿಕೆ ಕೊಟ್ಟ ಅರಸು ಅವನು. ಜಮ್ಮಾ ಭೂಮಿಯಾದರೆ ನೂರು ಭಟ್ಟಿ ನೆಲಕ್ಕೆ 5 ರೂಪಾಯಿ, ಸಾಗು ಭೂಮಿಗೆ 10 ರೂಪಾಯಿ ಎಂದು ಮುಂದೆ ಬ್ರಿಟಿಷರ ಲೆಕ್ಕಪುಸ್ತಕಗಳಲ್ಲಿ ನಿಂತ ದರಗಳ ಬೇರು ಈ ರಾಜಕಾಲದಲ್ಲಿಯೇ ಇದೆ. ಆಯುಧ ಹಿಡಿದು ಸೇವೆಗೆ ಬರುವ ಜಮ್ಮಾದವನಿಗೆ ಅರ್ಧ ಶಿಸ್ತು: ಇದು ರಾಜನಿಗೂ ಒಕ್ಕಲಿಗೂ ನಡುವಿನ ಒಡಂಬಡಿಕೆ. ಆದರೂ ಒಂದು ಮಾತನ್ನು ಗೌರವಪೂರ್ವಕವಾಗಿಯೇ ಹೇಳಬೇಕು. ಆ ಭಂಡಾರಕ್ಕೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ಕೇಳುವ ಅಧಿಕಾರ ತಕ್ಕರಿಗಿರಲಿಲ್ಲ. ಅರಸು ಧರ್ಮಿಷ್ಠನಾದರೆ ಪ್ರಜೆ ಬದುಕಿದ. ಅರಸು ಕ್ರೂರನಾದರೆ ತಡೆಯುವ ಸಭೆಯೊಂದೂ ಇರಲಿಲ್ಲ. ಚಿಕ್ಕವೀರರಾಜೇಂದ್ರನ ಕಾಲಕ್ಕೆ ಆ ಕೊರತೆ ರಾಜ್ಯವನ್ನೇ ನುಂಗಿತು.

1834ರ ಏಪ್ರಿಲ್ ತಿಂಗಳಲ್ಲಿ ಕಂಪನಿಯ ಸೇನೆಗಳು ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕವು. ಕರ್ನಲ್ ಫ್ರೇಸರನು ಮಡಿಕೇರಿಯ ಕೋಟೆಯನ್ನು ವಶಪಡಿಸಿಕೊಂಡನು. ಸಿಂಹಾಸನದೊಡನೆ ಭಂಡಾರವೂ ಕೈಬದಲಾಯಿತು. ಪದಚ್ಯುತನಾದ ಅರಸನು ಕಾಶಿಗೆ ಹೋದನು. 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದನು. ತನ್ನ ವಂಶದವರು ಕಂಪನಿಯಲ್ಲಿ ಹೂಡಿದ್ದ ಹಣ ತನಗೆ ಸಲ್ಲಬೇಕೆಂದು ಆಂಗ್ಲ ನ್ಯಾಯಾಲಯದಲ್ಲಿ ಕಂಪನಿಯ ಮೇಲೆಯೇ ದಾವೆ ಹೂಡಿದನು. 1859ರಲ್ಲಿ ಅಲ್ಲಿಯೇ ಪ್ರಾಣಬಿಟ್ಟನು. ಗೆದ್ದ ರಾಜ್ಯದ ಹಣವನ್ನು ವಶಪಡಿಸಿಕೊಂಡದ್ದು ರಾಜ್ಯಾಧಿಕಾರದ ಕೃತ್ಯ, ಅದನ್ನು ನ್ಯಾಯಾಲಯ ಪ್ರಶ್ನಿಸಲಾಗದು ಎಂಬ ತೀರ್ಪು ಅವನ ಮರಣಾನಂತರ ಹೊರಬಂತು. ಒಬ್ಬ ಅರಸನ ಪಾಲಿಗೇ ಭಂಡಾರದ ಲೆಕ್ಕ ಕೇಳುವ ಬಾಗಿಲು ಹೀಗೆ ಮುಚ್ಚಿಹೋದ ಮೇಲೆ, ಘಟ್ಟದ ತಪ್ಪಲಿನ ಒಕ್ಕಲಿನ ಗತಿಯೇನು?

ಆ ಪ್ರಶ್ನೆಗೆ ಉತ್ತರ ಅದಕ್ಕೂ ಮುನ್ನವೇ, 1837ರಲ್ಲಿ, ರಕ್ತದಲ್ಲಿ ಬರೆಯಲ್ಪಟ್ಟಿತ್ತು. ಕೊಡಗರಸರಿಗೆ ಸೇರಿದ್ದ ಅಮರ ಸುಳ್ಯದ ಸೀಮೆಯನ್ನು ಕಂಪನಿಯು 1834ರಲ್ಲಿಯೇ ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆದ ಬೆಳೆಯಲ್ಲಿಯೇ ತೆರಿಗೆ ಸಲ್ಲಿಸುತ್ತಿದ್ದ ರೈತನಿಂದ ಇನ್ನು ನಾಣ್ಯದಲ್ಲಿಯೇ ಬೇಕೆಂದು ಪಟ್ಟುಹಿಡಿಯಿತು. ಭತ್ತವಿದ್ದು ಬೆಳ್ಳಿಯಿಲ್ಲದವನು ಸಾಹುಕಾರನ ಜಗಲಿ ಹತ್ತಬೇಕಾಯಿತು. ದಂಗೆಯೆದ್ದವರು ಅರಸು ಮನೆತನದವನೆಂದು ಸಾರಿದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಘಟ್ಟದ ಕೆಳಗೆ ಜನ ಕೂಡಿಸಿದರು. ಕೆದಂಬಾಡಿ ರಾಮಯ್ಯಗೌಡರಂಥವರ ಮುಂದಾಳುತನದಲ್ಲಿ ದಂಡು ಮಂಗಳೂರಿನವರೆಗೆ ನಡೆದು, ಕೆಲವು ದಿನ ಆ ಪಟ್ಟಣವನ್ನೇ ಆಳಿತು. ಕಂಪನಿಯ ಬಲ ಮರಳಿ ಬಂದಾಗ ನೇಣುಗಂಬಗಳೆದ್ದವು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಕರಿಕೆಯಿಂದ ಸುಳ್ಯದ ಸೀಮೆ ದೂರದ್ದಲ್ಲ. ಭಾಷೆ, ಬಂಧುತ್ವ, ಬೆಳೆ ಎಲ್ಲವೂ ಒಂದನ್ನೊಂದು ಹೆಣೆದುಕೊಂಡ ನೆಲ ಅದು. ಆ ನೆಲದ ನಡುವೆ ಕಂಪನಿ ಎಳೆದ ಗೆರೆ 122 ವರ್ಷ ಅಳಿಯಲಿಲ್ಲ.

ಅಲ್ಲಿಂದ ಮುಂದೆ ಸುಮಾರು ತೊಂಬತ್ತು ವರ್ಷ ಕೊಡಗಿನ ಭಂಡಾರ ಮೌನವಾಗಿತ್ತು. 1881ರಲ್ಲಿ ನೆರೆಯ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ 1923ರ ಸುಧಾರಣೆಗಳಿಂದ ಮೈಸೂರಿನ ಪ್ರಜಾಪ್ರತಿನಿಧಿ ಆಯವ್ಯಯವನ್ನು ಚರ್ಚಿಸಬಲ್ಲವನಾದ, ನ್ಯಾಯವಿಧಾಯಕ ಸಭೆ ಬೇಡಿಕೆಗಳ ಮೇಲೆ ಮತ ಹಾಕಬಲ್ಲದ್ದಾಯಿತು. ಒಂದು ಹೊಳೆಯ ಆಚೆ ದಡದಲ್ಲಿ ಅಷ್ಟೆಲ್ಲ ನಡೆದಾಗ ಈಚೆ ದಡದಲ್ಲೇನಿತ್ತು? ಬೆಂಗಳೂರಿನಲ್ಲಿ ಕುಳಿತ ಮೈಸೂರಿನ ರೆಸಿಡೆಂಟನೇ ಕೊಡಗಿನ ಚೀಫ್ ಕಮಿಷನರ್. ಮಡಿಕೇರಿಯಲ್ಲಿ ಅವನ ಕೈಕೆಳಗೊಬ್ಬ ಕಮಿಷನರ್. ಕೊಡಗರ ರಾಜನಿಷ್ಠೆಯನ್ನು ಮೆಚ್ಚಿ 1861ರಲ್ಲಿ ನಿರಾಯುಧೀಕರಣದ ಕಾನೂನಿನಿಂದ ವಿನಾಯಿತಿ ಕೊಟ್ಟರು. ಕೋವಿ ಮನೆಯಲ್ಲಿ ಉಳಿಯಿತು. ಅದೊಂದು ಅಭಿಮಾನದ ವಿಷಯವೇ ಹೌದು. ಆದರೆ ಕೋವಿಯ ಹಕ್ಕು ಕೊಟ್ಟ ಸರ್ಕಾರವು ತನ್ನ ಖರ್ಚಿನ ಪುಸ್ತಕವನ್ನು ತೋರಿಸಲು ಅರವತ್ತು ವರ್ಷ ತಡೆಯಿತು.

1924ರ ಜನವರಿಯಲ್ಲಿ ಕೊಡಗು ಶಾಸನ ಪರಿಷತ್ತು ಹುಟ್ಟಿತು. ಚುನಾಯಿತರು 15, ನಾಮಕರಣಗೊಂಡವರು 5. ಚುನಾಯಿತರು ಎಂಬ ಮಾತನ್ನು ಅಳೆದು ಕೇಳಬೇಕು. ಮತದ ಹಕ್ಕು ಆಸ್ತಿವಂತನದು. ಕರಿಕೆಯ ಕಾಡಂಚಿನ ಕುಡಿಯ ಬುಡಕಟ್ಟಿನವನಿಗಾಗಲಿ ತೋಟದ ಕೂಲಿಗಾಗಲಿ ಅದರ ಬಾಗಿಲು ತೆರೆದಿರಲಿಲ್ಲ. ಆದರೂ ಆ ಪರಿಷತ್ತನ್ನು ನಾನು ಹಗುರವಾಗಿ ಕಾಣಲಾರೆ. ಅಧಿಕಾರಿಯೊಬ್ಬನು ಎದ್ದು ನಿಂತು ಕೊಡಗಿನವರ ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿ ಈ ನೆಲದಲ್ಲಿ ಆರಂಭವಾದದ್ದು ಅಲ್ಲಿಂದಲೇ. ಪಂದ್ಯಂಡ ಬೆಳ್ಳಿಯಪ್ಪನವರು ‘ಕೊಡಗು’ ಪತ್ರಿಕೆಯ ಮೂಲಕ ಜನರಿಗೆ ತಮ್ಮ ಸ್ಥಿತಿಯನ್ನು ಓದಿ ಹೇಳುತ್ತಿದ್ದ ಕಾಲ ಅದು.

ಈಗ ಒಂದು ವಾಕ್ಯದ ಚರಿತ್ರೆಯನ್ನು ಹೇಳುತ್ತೇನೆ. ನನ್ನ ದೃಷ್ಟಿಯಲ್ಲಿ ಹಲವು ಕಾಳಗಗಳಿಗಿಂತ ಅದು ಮಹತ್ತ್ವದ್ದು. 1935ರ ಭಾರತ ಸರ್ಕಾರದ ಕಾಯಿದೆಯಲ್ಲಿ 97ನೆಯ ಸೆಕ್ಷನ್ ಕೊಡಗಿಗಾಗಿಯೇ ಮೀಸಲಾಗಿತ್ತು. ಮದರಾಸು, ಮುಂಬಯಿ ಪ್ರಾಂತ್ಯಗಳಿಗೆ ಹೊಣೆಗಾರ ಮಂತ್ರಿಮಂಡಲಗಳನ್ನು ಕೊಟ್ಟ ಆ ಕಾಯಿದೆ ಕೊಡಗಿಗೆ ಕೊಟ್ಟದ್ದು ಇಷ್ಟೇ: ಪರಿಷತ್ತಿನ ರಚನೆ, ಅಧಿಕಾರಗಳು ಇದ್ದಂತೆಯೇ ಇರತಕ್ಕದ್ದು, ಕೊಡಗಿನಲ್ಲಿ ವಸೂಲಾಗುವ ಆದಾಯ, ಕೊಡಗಿಗಾಗಿ ಆಗುವ ವೆಚ್ಚ, ಇವುಗಳ ಏರ್ಪಾಡೂ ಬದಲಾಗದೆ ಮುಂದುವರಿಯತಕ್ಕದ್ದು. ಸಾಮ್ರಾಜ್ಯ ಮುಳುಗಿತು. ಸ್ವತಂತ್ರ ಭಾರತದ ಸಂವಿಧಾನ ಸಭೆಯಲ್ಲಿ ಕೊಡಗಿನ ಪ್ರತಿನಿಧಿಯಾಗಿ ಸಿ. ಎಂ. ಪೂಣಚ್ಚನವರು ಕುಳಿತರು. ಚೀಫ್ ಕಮಿಷನರ್ ಪ್ರಾಂತ್ಯಗಳ ಭವಿಷ್ಯವನ್ನು ವಿಚಾರಿಸಲು 1947ರಲ್ಲಿ ಪಟ್ಟಾಭಿ ಸೀತಾರಾಮಯ್ಯನವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯಲ್ಲೂ ಅವರಿದ್ದರು. ದೆಹಲಿ, ಅಜ್ಮೇರ್, ಕೊಡಗುಗಳಿಗೂ ಹೊಣೆಗಾರ ಸರ್ಕಾರ ಬೇಕೆಂದು ಸಮಿತಿ ಶಿಫಾರಸು ಮಾಡಿತು. ಆದರೆ ಅಂತಿಮ ಸಂವಿಧಾನ ಆ ನಿರ್ಣಯವನ್ನು ಸಂಸತ್ತಿಗೆ ಬಿಟ್ಟುಕೊಟ್ಟು, ಕೊಡಗಿಗಾಗಿ 242ನೆಯ ಅನುಚ್ಛೇದವೊಂದನ್ನು ಇರಿಸಿತು. ಅದರಲ್ಲಿದ್ದದ್ದು ಆ ಹಳೆಯ ಆಜ್ಞೆಯೇ: ಪರಿಷತ್ತು ಇದ್ದಂತೆ, ಆದಾಯ-ವೆಚ್ಚಗಳ ಏರ್ಪಾಡು ಇದ್ದಂತೆ. 1950ರ ಜನವರಿ 26ರಂದು ಕರಿಕೆಯ ಪ್ರಜೆಗೆ ಸಮಾನತೆಯ ಹಕ್ಕು ಬಂತು, ವಾಕ್ ಸ್ವಾತಂತ್ರ್ಯ ಬಂತು, ನ್ಯಾಯಾಲಯದ ಮೆಟ್ಟಿಲು ಹತ್ತುವ ಹಕ್ಕು ಬಂತು. ಆ ಹಕ್ಕುಗಳನ್ನು ನಡೆಸಿಕೊಡಬೇಕಾದ ಶಾಲೆ, ಆಸ್ಪತ್ರೆ, ರಸ್ತೆ, ಕಚೇರಿಗಳ ಹಣ ಮಾತ್ರ ಸಾಮ್ರಾಜ್ಯದ ಕಾಲದ ಬೀಗದೊಳಗೇ ಉಳಿಯಿತು. ಸಂವಿಧಾನ ಶಿಲ್ಪಿಗಳ ಮೇಲೆ ನನಗಿರುವ ಗೌರವ ಅಚಲ. ಆದರೂ ಆ ಅನುಚ್ಛೇದವನ್ನು ಓದಿದಾಗಲೆಲ್ಲ ಕೊಡಗಿನವನಿಗೆ ನೋವಾಗದಿರದು.

ಬೀಗ ತೆರೆದದ್ದು ಕೊಡಗೂ ಸೇರಿದ್ದ ‘ಸಿ’ ವರ್ಗದ ರಾಜ್ಯಗಳ 1951ರ ಕಾಯಿದೆ. 1952ರ ಆರಂಭದ ಚುನಾವಣೆಯಲ್ಲಿ ಸ್ತ್ರೀಪುರುಷ ಭೇದವಿಲ್ಲದೆ, ಆಸ್ತಿಯ ಅಳತೆಯಿಲ್ಲದೆ, ಕೊಡಗಿನ ಪ್ರತಿ ವಯಸ್ಕನೂ ಮತದಾರನಾದ. ಸುಮಾರು 2 ಲಕ್ಷ 29 ಸಾವಿರ ಜನರ ಆ ಪುಟ್ಟ ರಾಜ್ಯಕ್ಕೆ 24 ಸ್ಥಾನಗಳ ವಿಧಾನಸಭೆ. ಕಾಂಗ್ರೆಸ್ಸಿಗೆ 15, ಬೆಳ್ಳಿಯಪ್ಪನವರ ನೇತೃತ್ವದ ತಕ್ಕಡಿ ಪಕ್ಷಕ್ಕೆ 9. ಮಾರ್ಚ್ 27ರಂದು ಪೂಣಚ್ಚನವರು ಮುಖ್ಯಮಂತ್ರಿಯಾದರು, ಅವರೊಡನೆ ಕೆ. ಮಲ್ಲಪ್ಪನವರೊಬ್ಬರೇ ಮಂತ್ರಿ. ಇಬ್ಬರೇ ಮಂತ್ರಿಗಳು, ಒಂದೇ ಊರಿನ ರಾಜಧಾನಿ; ಆದರೆ ಆ ಸಭೆಯ ಮುಂದೆ ಬಂದ ಪ್ರಶ್ನೆ ಮಹಾರಾಜ್ಯಗಳ ಪ್ರಶ್ನೆಯೇ. ಭೂಕಂದಾಯ, ಅರಣ್ಯ, ಅಬಕಾರಿಗಳಿಂದ ಬರುವ ಹಣವೆಷ್ಟು, ಅದರಲ್ಲಿ ಇಲಾಖೆಯ ಸಂಬಳಕ್ಕೆ ಹೋಗುವುದೆಷ್ಟು, ಪ್ರಜೆಯ ಬಾಗಿಲಿಗೆ ತಲುಪುವುದೆಷ್ಟು? ಆಯವ್ಯಯವನ್ನು ಸಭೆ ಚರ್ಚಿಸಬಹುದಾಗಿತ್ತು, ಮತ ಹಾಕಬಹುದಾಗಿತ್ತು. ಆದರೆ ಚೀಫ್ ಕಮಿಷನರ್ ಇನ್ನೂ ಇದ್ದರು, ಸಭೆ ಒಪ್ಪಿದ ಮಸೂದೆ ರಾಷ್ಟ್ರಪತಿಯ ಸಮ್ಮತಿಗೆ ದೆಹಲಿಗೆ ಹೋಗಿಬರಬೇಕಿತ್ತು. ಬೀಗದ ಕೈ ಕೊಟ್ಟು, ಬಾಗಿಲಿಗೆ ಇನ್ನೊಬ್ಬ ಕಾವಲುಗಾರನನ್ನು ನಿಲ್ಲಿಸಿದ ವ್ಯವಸ್ಥೆ ಅದು.

ಆ ಸಭೆಯ ಎರಡು ಪಕ್ಷಗಳನ್ನು ಇಂದು ನೆನೆಯುವಾಗ ಒಂದನ್ನು ದೇಶಾಭಿಮಾನಿಯೆಂದೂ ಇನ್ನೊಂದನ್ನು ಸಂಕುಚಿತವೆಂದೂ ತೂಗುವುದು ಅನ್ಯಾಯ. ಕೊಡಗು ಕೊಡಗಾಗಿಯೇ ಉಳಿಯಬೇಕೆಂದು ತಕ್ಕಡಿಯವರು ಮೈಸೂರಿನೊಡನೆ ವಿಲೀನವಾಗುವುದನ್ನು ವಿರೋಧಿಸಿದರು. ಮಡಿಕೇರಿಯಲ್ಲಿ ಲೆಕ್ಕ ಕೇಳಬಲ್ಲವನು ದೂರದ ರಾಜಧಾನಿಯಲ್ಲಿ ಯಾರನ್ನು ಕೇಳಬಲ್ಲನು ಎಂಬ ಆತಂಕಕ್ಕೆ ಆಧಾರವಿತ್ತು. ಆಡಳಿತ ಪಕ್ಷ ಏಕೀಕರಣದ ಕಡೆ ನಿಂತಿತು. ಪ್ರತಿಯೊಂದು ಮಸೂದೆಗೂ ದೆಹಲಿಯ ಮುಖ ನೋಡುವ ಪುಟ್ಟ ರಾಜ್ಯಕ್ಕಿಂತ, ಪೂರ್ಣಾಧಿಕಾರವುಳ್ಳ ಕನ್ನಡ ರಾಜ್ಯದ ಅಂಗವಾಗುವುದರಲ್ಲಿಯೇ ಪ್ರಜೆಯ ಹಿತವಿದೆ ಎಂಬ ವಾದಕ್ಕೂ ಆಧಾರವಿತ್ತು. ಎರಡೂ ಕಡೆ ಕೂತವರು ಈ ನೆಲದ ಮಕ್ಕಳೇ. ಗಾಂಧೀಜಿಯ ಹಾದಿಯಲ್ಲಿ ಒಟ್ಟಿಗೇ ನಡೆದವರೂ ಅವರಲ್ಲಿದ್ದರು. ನನ್ನ ಮನಸ್ಸಿಗೆ ಬಹುಕಾಲ ಕಾಡಿದ್ದು ಬೆಳ್ಳಿಯಪ್ಪನವರ ಆತಂಕವೇ ಎಂದು ಒಪ್ಪಿಕೊಳ್ಳುತ್ತೇನೆ. ಪೂಣಚ್ಚನವರ ದೂರದೃಷ್ಟಿಯನ್ನು ಕಂಡ ಮೇಲೂ ಆ ಆತಂಕ ಪೂರ್ತಿ ಹೋಗಿಲ್ಲ.

ರಾಜ್ಯಗಳ ಪುನರ್ವಿಂಗಡಣೆಗಾಗಿ ನೇಮಕವಾದ ಫಜಲ್ ಅಲಿ ಆಯೋಗದ ವರದಿ 1955ರ ಸೆಪ್ಟೆಂಬರ್ 30ರಂದು ಸಲ್ಲಿಕೆಯಾಯಿತು. ಕೊಡಗು ಕರ್ನಾಟಕದಲ್ಲಿ ಸೇರಬೇಕೆಂದಿತು. ವಿಧಿಯ ಗತಿ ತಿಳಿದೂ ಆ ವಿಧಾನಸಭೆ ಕೈಕಟ್ಟಿ ಕೂರಲಿಲ್ಲ ಎಂಬುದು ನಮಗೆ ಹೆಮ್ಮೆಯ ವಿಷಯ. ಆ ಸಭೆಯ ಕೊನೆಯ ವರ್ಷ, 1956ರಲ್ಲಿ, ಕೊಡಗು ಪಂಚಾಯತ್ ರಾಜ್ ಕಾಯಿದೆ ರೂಪುಗೊಂಡಿತು. ಅಸ್ತಮಿಸುವ ರಾಜ್ಯವೊಂದು ಹೋಗುವ ಮುನ್ನ ಊರುಗಳ ಕಡೆಗೆ ಮುಖ ಮಾಡಿತು. 1959ರಲ್ಲಿ ಇಡೀ ಮೈಸೂರು ರಾಜ್ಯಕ್ಕೆ ಒಂದೇ ಪಂಚಾಯತ್ ಕಾಯಿದೆ ಬಂದಾಗ ಅದು ರದ್ದಾಯಿತು.

1956ರ ನವೆಂಬರ್ 1. ಅಂದು ಕೊಡಗು ರಾಜ್ಯ ಕೊಡಗು ಜಿಲ್ಲೆಯಾಯಿತು. ಅಂದೇ ದಕ್ಷಿಣ ಕನ್ನಡವೂ ಮೈಸೂರು ರಾಜ್ಯವನ್ನು ಸೇರಿತು. 1834ರಲ್ಲಿ ಕಂಪನಿ ಕಿತ್ತುಕೊಂಡ ಅಮರ ಸುಳ್ಯವು ಕೊಡಗಿನೊಡನೆ ಮತ್ತೆ ಒಂದೇ ಸರ್ಕಾರದ ಕೆಳಗೆ ಬಂತು. ಅಂದೇ ಕಾಸರಗೋಡು ಕೇರಳಕ್ಕೆ ಹೋಯಿತು. ಮೂಡಣದಲ್ಲೂ ವಾಯವ್ಯದಲ್ಲೂ ಗೆರೆಗಳು ಅಳಿದ ದಿನವೇ ಕರಿಕೆಯ ಪಡುವಣದ ಹೊಳೆಯಂಚು ಎರಡು ಭಾಷಾರಾಜ್ಯಗಳ ಗಡಿಯಾಗಿ ಗಟ್ಟಿಯಾಯಿತು. ಕನ್ನಡ, ಅರೆಭಾಷೆ, ತುಳು, ಮಲಯಾಳಗಳನ್ನು ಒಂದೇ ಅಂಗಳದಲ್ಲಿ ಆಡುತ್ತಿದ್ದ ಜನ ಅಂಗಳ ಬಿಡಲಿಲ್ಲ. ಅವರ ಅರ್ಜಿಗಳು ಹೋಗುವ ದಾರಿ ಮಾತ್ರ ಉದ್ದವಾಯಿತು. ಪೂಣಚ್ಚನವರು ಮೈಸೂರು ರಾಜ್ಯದ ಮಂತ್ರಿಯಾಗಿ, ಕೇಂದ್ರದ ರೈಲ್ವೆ ಮಂತ್ರಿಯಾಗಿ, ರಾಜ್ಯಪಾಲರಾಗಿ ಎತ್ತರಕ್ಕೇರಿದರು. ಇಪ್ಪತ್ತನಾಲ್ಕು ಮಂದಿ ಕುಳಿತು ಕೊಡಗಿನ ಹಣದ ಲೆಕ್ಕ ಕೇಳಿದ ಸಭೆ ಇನ್ನೆಂದೂ ಸೇರಲಿಲ್ಲ. ಇಂದು ಆ ಲೆಕ್ಕವನ್ನು ಕೇಳಲು 224 ಸ್ಥಾನಗಳ ವಿಧಾನಸಭೆಯಲ್ಲಿ ಕೊಡಗಿನಿಂದ ಇಬ್ಬರು ಎದ್ದು ನಿಲ್ಲುತ್ತಾರೆ, ಮಡಿಕೇರಿಯಿಂದ ಒಬ್ಬರು, ವಿರಾಜಪೇಟೆಯಿಂದ ಒಬ್ಬರು. ಏಳನೆಯ ತಿದ್ದುಪಡಿಯಿಂದ 242ನೆಯ ಅನುಚ್ಛೇದ ರದ್ದಾಗಿ ದಶಕಗಳೇ ಕಳೆದಿವೆ. ಆದರೂ ಭಾರತ ಸಂವಿಧಾನದ ಪುಸ್ತಕ ತೆರೆದರೆ ಆ ಸಂಖ್ಯೆ ಇನ್ನೂ ತನ್ನ ಸ್ಥಾನದಲ್ಲಿಯೇ ಇದೆ. ಅದರ ಮುಂದೆ ಆವರಣದೊಳಗೆ ಕೊಡಗು ಎಂಬ ಒಂದು ಹೆಸರು, ಆಮೇಲೆ ರದ್ದಾದ ವರ್ಷ.