ಹಂಪಿ–ಕೋಗಳಿ–ಬಾಗಳಿ ದಾರಿಗೆ ಪಾರಂಪರಿಕ ಮಾರ್ಗದ ಮಾನ್ಯತೆ

ತುಂಗಭದ್ರಾ ಹಿನ್ನೀರಿನ ಬದಿಯ ಹಂಪಸಾಗರ ಮತ್ತು ಬಸದಿಯ ಊರು ಕೋಗಳಿ, ಎರಡೂ ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನವು. ಹಂಪಿಯಿಂದ ಈ ತಾಲ್ಲೂಕನ್ನು ಹಾದು ಹರಪನಹಳ್ಳಿ ಸಮೀಪದ ಬಾಗಳಿಗೆ ಹೋಗುವ ದಾರಿ ಜೈನ ಯಾತ್ರಿಕರಿಗೂ ಮುಖ್ಯವಾದದ್ದು.

ಕೋಗಳಿಯ ಜಿನಾಲಯವನ್ನು ಗಂಗ ದೊರೆ ದುರ್ವಿನೀತ ಕಟ್ಟಿಸಿದನೆಂದೂ ಅದಕ್ಕೆ ಇಂದ್ರಕೀರ್ತಿ ಮುನಿಗಳು ದತ್ತಿ ಬಿಟ್ಟರೆಂದೂ ಕ್ರಿ.ಶ. 1055ರ ಚಾಲುಕ್ಯ ಶಾಸನ ತಿಳಿಸುತ್ತದೆ. ಎರಡು ಶತಮಾನ ಕಳೆದ ಮೇಲೂ, ಹೊಯ್ಸಳ ರಾಮನಾಥನ ಕಾಲದಲ್ಲಿ, ಇಲ್ಲಿನ ಚೆನ್ನಪಾರ್ಶ್ವನಾಥ ಸ್ವಾಮಿಗೆ ದತ್ತಿಗಳು ಸಂದಿವೆ. ಹಂಪಿಯಲ್ಲಿ ಇರುಗಪ್ಪ ದಂಡನಾಯಕ 1386ರಲ್ಲಿ ಕಟ್ಟಿಸಿದ ಕುಂಥುನಾಥ ಬಸದಿಯನ್ನು (ಜನರ ಬಾಯಲ್ಲಿ ಗಾಣಗಿತ್ತಿ ಗುಡಿ) ದರ್ಶಿಸಿ ಹಿಂದಿರುಗುವವರು ಕೋಗಳಿಯನ್ನು ಬಿಟ್ಟರೆ ಅದಕ್ಕಿಂತ ಹಳೆಯದನ್ನೇ ಬಿಟ್ಟಂತೆ.

ತೊಡಕು ಕಾನೂನಿನದು. ಅದು ಸ್ಮಾರಕವನ್ನು ಕಾಯುತ್ತದೆ, ದಾರಿಯನ್ನಲ್ಲ. ಬಾಗಳಿಯ ಕಲ್ಲೇಶ್ವರ ದೇವಾಲಯದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಆ ಗಡಿ ದಾಟಿದ ಮೇಲೆ ರಸ್ತೆ ಅಗಲ ಮಾಡುವಾಗ ಸಾಲುಮರಕ್ಕಾಗಲಿ ಬಿಡಿ ವೀರಗಲ್ಲಿಗಾಗಲಿ ಈ ನಿಯಮದ ಆಸರೆ ಇಲ್ಲ.

ಅಮೆರಿಕದಲ್ಲಿ ರಸ್ತೆಗೇ ಮಾನ್ಯತೆ ನೀಡುವ ರಾಷ್ಟ್ರೀಯ ಯೋಜನೆ 1991ರಲ್ಲಿ ಬಂತು. ನಿಸರ್ಗ ಸೌಂದರ್ಯ, ಇತಿಹಾಸ, ಪುರಾತತ್ತ್ವ ಮೊದಲಾದ ಆರು ಗುಣಗಳಲ್ಲಿ ಒಂದಾದರೂ ಆ ದಾರಿಗಿರಬೇಕು. ಅದನ್ನು ಹೇಗೆ ಕಾಪಾಡುತ್ತೇವೆಂಬ ಯೋಜನೆಯನ್ನೂ ಸಲ್ಲಿಸಬೇಕು. ನಮ್ಮಲ್ಲಿ ಅಂಥ ಕಾಯ್ದೆಯಿಲ್ಲ. ಹಾಗಾಗಿ ಗ್ರಾಮ ಪಂಚಾಯಿತಿಗಳ ಠರಾವಿನೊಂದಿಗೆ ಪ್ರವಾಸೋದ್ಯಮ, ಪುರಾತತ್ತ್ವ, ಲೋಕೋಪಯೋಗಿ ಇಲಾಖೆಗಳಿಗೆ ಒಟ್ಟಿಗೇ ಮನವಿ ಕೊಡುವುದು ಸೂಕ್ತ. ಜೊತೆಗೆ ದಾರಿಬದಿಯ ಶಾಸನ, ಬಸದಿ, ಕೆರೆಗಳ ಪಟ್ಟಿಯೂ ನಕ್ಷೆಯೂ ಇರಲಿ. ಈ ಭಾಗ ಹಿಂದೆ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಕೋಗಳಿಯ ಶಾಸನಗಳನ್ನು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ 9ನೇ ಸಂಪುಟದಲ್ಲಿ ಹುಡುಕಬೇಕು.